ಬೋರ್ಡಿನ ಮ್ಯಾಲ ಡಿಲಕ್ಸ್, ಬಾಯಾಗ ತಗಣಿ ಲಾಜ್

ವಿಜಯಪುರದಾಗ ಬಸ್ಸಿಳದು ತಲಿ ಎತ್ತಿ ಬೋರ್ಡ್ ಓದ್ರಿ: ಡಿಲಕ್ಸ್, ಸೆಮಿ ಡಿಲಕ್ಸ್, ಕಂಫರ್ಟ್ಸ್. ತಲಿ ಇಳಿಸಿ ಆಟೋದವನ್ನ ಕೇಳ್ರಿ: ಡಬ್ಬಾ ಲಾಜ್, ತಗಣಿ ಲಾಜ್, ಕೊಂಪಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣದಾಗ ಡಿಲಕ್ಸ್ ಅನ್ನೂದು ಐದು ಸ್ಟಾರಿನ ಮ್ಯಾಲಿನ ಪಟ್ಟ. ಇಲ್ಲಿ ಖೋಲ್ಯಾಗ ಟಿವಿ ಇದ್ರ ಡಿಲಕ್ಸ್. ಅದು ಹತ್ತಬೇಕಂತೇನಿಲ್ಲ.

ಬೈಗಳದ ಮಾತ ಖರೇ ಮಾಹಿತಿ ಕೊಡತಾವ. ಡಬ್ಬಾ ಅಂದ್ರ ಒಂದು ಖೋಲಿಗೆ ಪ್ಲೈವುಡ್ ಬಡದು ಎರಡು ಮಾಡಿದ್ದು. ಗೋಲಗುಮ್ಮಟದಾಗ ಪಿಸುಮಾತು 37 ಮೀಟರ್ ಆಚೆ ಕೇಳತದಂತ ಜನ ಟಿಕೀಟ್ ತಗಸತಾರ. ಇಲ್ಲಿ ಆಚೀ ಖೋಲಿಯ ಗೊರಕಿ ಪುಕಟ.

ಇಂಗ್ಲಿಷಿನವರು ಇಂಥಾ ಜಾಗಾಕ್ಕ ಫ್ಲೀಬ್ಯಾಗ್ ಅಂತಾರ, ಚಿಗಟದ ಚೀಲ. ಪಾಪ, ಜೀವಿ ತಪ್ಪಿ ಹಿಡದಾರ. ಚಿಗಟ ನಾಯಿ-ಬೆಕ್ಕಿನ ಬೆನ್ನ ಹತ್ತಿ ತಿರಗತದ. ಮಂಚದಾಗ ಸಂಸಾರ ಹೂಡೂದು ತಗಣಿ. ಅದಕ್ಕ ಖೋಲಿ ಸಿಕ್ಕ ಕೂಡಲೇ ಬ್ಯಾಗ್ ಹಾಸಗಿ ಮ್ಯಾಲ ಒಗೀಬ್ಯಾಡ್ರಿ. ಮೊದಲ ಚಾದರ ಸರಿಸಿ ಗಾದಿಯ ಮೂಲಿ ಎತ್ರಿ, ಹೊಲಿಗಿ ಸಾಲಿಗೆ ಮೊಬೈಲ್ ಟಾರ್ಚ್ ಹಿಡೀರಿ. ಪೆನ್ನಿನ ಶಾಯಿ ಸಿಡದಂಗ ಕರೇ ಚುಕ್ಕಿ ಇದ್ರ ಅದು ಅವುಗಳ ಹಾಜರಿ ಪುಸ್ತಕ. ಆಮ್ಯಾಲ ಮಂಚದ ಸಂದಿ, ತಲಿ ಕಡೆ ಹಲಗಿ, ಸ್ವಿಚ್ ಬೋರ್ಡಿನ ಬಿರುಕು. ಮ್ಯಾನೇಜರ್ 'ನಿನ್ನೇರ ಎಣ್ಣಿ ಹೊಡದೀವ್ರಿ' ಅಂತಾನ. ಹೊಡದಿರಬಹುದು. ಆದ್ರ ಸ್ಪ್ರೇಕ್ಕ ತತ್ತಿ ಬಗ್ಗಂಗಿಲ್ಲ; ವಾರ-ಹತ್ತು ದಿನದಾಗ ಒಡದು ಹೊಸಾ ಪೀಳಿಗಿ ಚೆಕ್-ಇನ್ ಆಗತದ. ಖೋಲಿ ಬೀಗ ಹಾಕಿದ್ರೂ ತಿಂಗಳಗಟ್ಟಲೆ ಉಪಾಸ ಕುಂದರತಾವ. ಗಾದಿ ಬಿಸಲಿಗೆ ಹಾಕಿದ್ರ ಒಳಗಿನ ಹತ್ತಿ ತನಕ 50 ಡಿಗ್ರಿ ಮುಟ್ಟಬೇಕು. ಇಲ್ಲಾಂದ್ರ ಅವು ತಂಪಿದ್ದ ಕಡೆ ಸರಕೊಂಡು ಸಂಜಿಕೆ ವಾಪಸ್.

ಬಿಸಿನೀರು 6 ರಿಂದ 8 ಅಂತ ಬರದಿರತಾರ. ಮಾಳಗಿ ಮ್ಯಾಲಿನ ಟ್ಯಾಂಕಿನಿಂದ ಪೈಪಿನಾಗಿನ ತಣ್ಣೀರು ಹರದು ಹೋಗೂದರಾಗ ಅರ್ಧ ಬಕೀಟ್ ಖರ್ಚು, ಉಳದದ್ದು ಬಾಜೂಕಿನವರ ಪಾಲು.

ಇನ್ನ ಸರ್ಕಾರದ ಶಬ್ದಕೋಶ. 2022ರ ಜುಲೈ 18ರ ಮೊದಲ ದಿನಕ್ಕ 1,000 ರೂಪಾಯಿ ಒಳಗಿನ ಖೋಲಿಗೆ ಜಿಎಸ್‌ಟಿ ಇರಲಿಲ್ಲ. ಅವತ್ತಿನಿಂದ 7,500ರ ತನಕ ಎಲ್ಲಾ ಒಂದ ಪಂಕ್ತಿ: ಮೊದಲ ಶೇ 12, 2025ರ ಸೆಪ್ಟೆಂಬರ್ 22ರಿಂದ ಶೇ 5. 400ರ ಕೊಂಪಿ, 7,400ರ ಎಸಿ ಖೋಲಿ, ಎರಡೂ ಸಮಾ. ರಸೀದಿ ಹರದು ಕೊಟ್ರ ಮಾತ್ರ ಈ ಮಾತು ಅನ್ರಿ. ಕೇಳಿ ನೋಡ್ರಿ, ಮ್ಯಾನೇಜರ್ ಕನ್ನಡಕ ಏರಸತಾನ:

'ರಸೀದಿ ಬೇಕೇನ್ರಿ? ಹಂಗಾರ ಡಿಲಕ್ಸ್ ತಗೋರಿ.'