ಸ್ವಕೀಯ, ಪರಕೀಯ ಮತ್ತು ನೀರಿನ ಕೀಲಿ

"ನನಗೆ ಈ ರಾಜಕೀಯವೆಲ್ಲ ತಿಳಿಯುವುದಿಲ್ಲ" ಎಂಬ ಒಂದೇ ಮಾತಿನಿಂದ ನಾನು ಕಟ್ಟಡದ ಸಂಘಕ್ಕೆ ಕಾರ್ಯದರ್ಶಿಯಾದೆ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಹನ್ನೆರಡು ಮನೆಗಳ ಸಭೆಯಲ್ಲಿ ಅಷ್ಟು ಹೇಳಿ ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ ಅವಿರೋಧ ಆಯ್ಕೆ ಮುಗಿದುಹೋಗಿತ್ತು. ಚಪ್ಪಾಳೆ ತಟ್ಟಿದವರಲ್ಲಿ ನನ್ನ ಹೆಂಡತಿಯೂ ಇದ್ದಳು. ನಿವೃತ್ತನಾದ ಗಂಡ ದಿನವಿಡೀ ಮನೆಯಲ್ಲಿ ಕೂರುವುದು ಆಕೆಗೆ ಬಹುದಿನದ ತಲೆನೋವು.

ಈ ಹುದ್ದೆಯ ಜೊತೆಗೆ ಬರುವುದು ಒಂದು ರಸೀದಿ ಪುಸ್ತಕ ಮತ್ತು ನೀರಿನ ವಾಲ್ವ್ ತಿರುಗಿಸುವ ಕೀಲಿ. ಮೊಳದುದ್ದದ ಕಬ್ಬಿಣದ ಸಲಾಕೆ, ತುದಿಗೆ ಚೌಕದ ಬಾಯಿ, ಹಿಡಿಗೆ ಹಿಂದಿನ ಕಾರ್ಯದರ್ಶಿಗಳು ಸುತ್ತಿದ ಸೈಕಲ್ ಟ್ಯೂಬಿನ ತುಂಡು. ಗೇಟಿನ ಬಳಿಯ ಗುಂಡಿಯಲ್ಲಿ ಎರಡು ವಾಲ್ವ್‌ಗಳಿವೆ: ಒಂದು ಮುಂದಿನ ಸಾಲಿಗೆ, ಇನ್ನೊಂದು ಹಿಂದಿನ ಸಾಲಿಗೆ. ಒಂದೊಂದು ಸಾಲಿಗೆ ಮುಕ್ಕಾಲು ಗಂಟೆ. ನನ್ನ ಮನೆ ಮುಂದಿನ ಸಾಲಿನಲ್ಲಿದೆ. ದುರಂತಕ್ಕೆ ಇಷ್ಟು ಸಾಕು.

ಒಂದು ಬೆಳಗ್ಗೆ ಮುಂದಿನ ಸಾಲಿನ ವಾಲ್ವ್ ತೆರೆದು ಬಂದು, ಐದು ನಿಮಿಷ ಎಂದುಕೊಂಡು ಹೊದಿಕೆ ಎಳೆದುಕೊಂಡೆ. ಎಚ್ಚರವಾದಾಗ ನಮ್ಮ ಟಾಕಿ ತುಂಬಿ ಹರಿದು ಅಂಗಳದ ತುಳಸಿಕಟ್ಟೆಗೆ ಪ್ರದಕ್ಷಿಣೆ ಹಾಕುತ್ತಿತ್ತು. ಹಿಂದಿನ ಸಾಲಿನವರು ಖಾಲಿ ಕೊಡಗಳೊಂದಿಗೆ ಬಾಗಿಲಲ್ಲಿ ನಿಂತಿದ್ದರು. ಅದು ಬರೀ ನಿದ್ದೆ ಎಂದು ಒಬ್ಬರೂ ನಂಬಲಿಲ್ಲ. "ನೀರಿನಲ್ಲಿ ರಾಜಕೀಯ ಬೆರೆಸಬೇಡಿ" ಎಂದು ಒಬ್ಬರು ಗುಡುಗಿದರು. ಮರಾಠಿ ಅಜ್ಜಿ ಮೆಲ್ಲಗೆ "ರಾಜಕಾರಣ ನಕೋ" ಎಂದರು. ಮೂರನೆಯ ಮಹಡಿಯ ಬಾಡಿಗೆದಾರರು, ರಾಜಸ್ಥಾನದ ಮಾಜಿ ಸೈನಿಕರು, "ರಾಜನೀತಿ" ಎಂದರು. ಮೂರು ಭಾಷೆ, ಮೂರು ಪದ, ಆರೋಪಿ ನಾನೊಬ್ಬನೇ.

ಅವಮಾನವಾದಾಗ ನಿಘಂಟು ತೆಗೆಯುವುದು ನನ್ನ ಹಳೆಯ ಚಟ. ರಾಜಕೀಯ ಎಂದರೆ ಮೂಲದಲ್ಲಿ ರಾಜನಿಗೆ ಸೇರಿದ್ದು, ಅಷ್ಟೇ. ಸ್ವಕೀಯ, ಪರಕೀಯ ಇದ್ದ ಹಾಗೆ ಇದೂ ಒಂದು ವಿಶೇಷಣ. ಸ್ವಕೀಯರಿಗೂ ಪರಕೀಯರಿಗೂ ನಡುವೆ ಒಂದು ವಾಲ್ವ್ ಇಟ್ಟರೆ ಅದು ನಾಮಪದವಾಗುತ್ತದೆ. ಹಿಂದಿಯಲ್ಲಿ ಮಾತ್ರ ಈ ಪದ ಇನ್ನೂ ರಾಜನ ಮನೆಯನ್ನು ಪೂರ್ತಿ ಬಿಟ್ಟಿಲ್ಲ. ಈ ಸಂಗತಿ ತಿಳಿಯದೆ ನಾನು ಹಿಂದೊಮ್ಮೆ ಅದೇ ಸೈನಿಕರ ಮುಂದೆ ಮರ್ಯಾದೆ ಕಳೆದುಕೊಂಡಿದ್ದೇನೆ. ಮಗಳು ಊರಿನಲ್ಲಿ "ರಾಜಕೀಯ ವಿದ್ಯಾಲಯ"ದಲ್ಲಿ ಓದಿದವಳು ಎಂದು ಅವರು ಹೆಮ್ಮೆಯಿಂದ ಹೇಳಿದ್ದರು. "ಇಷ್ಟು ಚಿಕ್ಕ ವಯಸ್ಸಿಗೇ? ಯಾವ ಪಕ್ಷ?" ಎಂದುಬಿಟ್ಟಿದ್ದೆ. ರಾಜಸ್ಥಾನದಲ್ಲಿ ಸರ್ಕಾರಿ ಶಾಲೆಯ ಫಲಕದ ಮೇಲೆ ಬರೆಯುವುದೇ "ರಾಜಕೀಯ" ಎಂದು. ಆ ಮನುಷ್ಯ ಅಂದಿನಿಂದ ನನ್ನೊಡನೆ ಹವಾಮಾನವನ್ನು ಬಿಟ್ಟು ಬೇರೇನೂ ಮಾತನಾಡುವುದಿಲ್ಲ.

ಇಂಗ್ಲಿಷಿನ ಪಾಲಿಟಿಕ್ಸ್ ಇನ್ನೂ ದೂರದಿಂದ ಬಂದದ್ದು. ಗ್ರೀಕರಲ್ಲಿ ಪೊಲಿಸ್ ಎಂದರೆ ನಗರರಾಜ್ಯ. ನಮ್ಮ ಪೊಲೀಸರಿಗೆ ಹೆಸರು ಬಂದದ್ದೂ ಅದೇ ಬೇರಿನಿಂದ. ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಇಬ್ಬರೂ ಒಟ್ಟಿಗೇ ಬಂದಿಳಿಯುತ್ತಾರೆ. ಅದೇ ಗ್ರೀಕರು ಊರ ಉಸಾಬರಿ ಬೇಡವೆಂದು ತನ್ನ ಪಾಡಿಗೆ ತಾನಿರುವವನನ್ನು ಇಡಿಯೋಟೆಸ್ ಎನ್ನುತ್ತಿದ್ದರು. ಈಡಿಯಟ್ ಹುಟ್ಟಿದ್ದು ಅಲ್ಲಿಂದ. ಸಭೆಯಲ್ಲಿ ನಾನು ಎದ್ದುನಿಂತು ಏನೆಂದು ಘೋಷಿಸಿಕೊಂಡಿದ್ದೆ ಎಂಬುದು ಆಗ ಹೊಳೆಯಿತು. ಜನ ಸುಮ್ಮನೆ ಚಪ್ಪಾಳೆ ತಟ್ಟಿರಲಿಲ್ಲ.

ಆದರೂ ಕನ್ನಡದ ಕ್ರಿಯಾಪದಗಳ ಮುಂದೆ ಗ್ರೀಕರು ಏನೂ ಅಲ್ಲ. ನಾವು ರಾಜಕೀಯಕ್ಕೆ ಇಳಿಯುತ್ತೇವೆ, ಕೆಸರಿಗೆ ಇಳಿದಂತೆ. ಗದ್ದುಗೆಯನ್ನು ಮಾತ್ರ ಏರುತ್ತೇವೆ. ಕೆಳಗಿಳಿದವರು ಮೇಲೆ ಹೇಗೆ ತಲುಪುತ್ತಾರೆ ಎಂದು ಯಾವ ವ್ಯಾಕರಣವೂ ಹೇಳಿಲ್ಲ. ಇನ್ನು "ರಾಜಕೀಯ ಮಾಡುವುದು" ಇದೆಯಲ್ಲ, ಅದು ಉತ್ತಮ ಪುರುಷದಲ್ಲಿ ನಡೆಯುವ ಕ್ರಿಯಾಪದವೇ ಅಲ್ಲ. "ನಾನು ರಾಜಕೀಯ ಮಾಡಿದೆ" ಎಂದವರನ್ನು ನಾನಂತೂ ಕಂಡಿಲ್ಲ. ಅವನು ಮಾಡುತ್ತಾನೆ, ಅವರು ಮಾಡಿಸುತ್ತಾರೆ. ನಾನು ಹೊಂದಿಸಿಕೊಂಡು ಹೋಗುತ್ತೇನೆ.

ಹೀಗೆ ಹೊಂದಿಸಿಕೊಂಡು ಹೋಗಲು ಮರುದಿನ ಹಿಂದಿನ ಸಾಲಿಗೆ ಒಂದೂವರೆ ಗಂಟೆ ನೀರು ಬಿಟ್ಟೆ. ತಲೆಗೆ ಸೀಗೆಕಾಯಿ ಹಚ್ಚಿಕೊಂಡಿದ್ದ ಹೆಂಡತಿ ಬಚ್ಚಲಿನಿಂದಲೇ ನನ್ನ ವಂಶವನ್ನು ವಿಚಾರಿಸಿಕೊಂಡಳು. ಸಂಜೆಯ ಹೊತ್ತಿಗೆ ಮುಂದಿನ ಸಾಲಿನವರು ಇದನ್ನು ಓಲೈಕೆ ರಾಜಕಾರಣವೆಂದು ತೀರ್ಮಾನಿಸಿದ್ದರು. ಸಮಾಧಾನಕ್ಕೆ ಒಂದು ಕಿಲೋ ಕುಂದಾ ತಂದು ಮನೆಮನೆಗೆ ಹಂಚಿದೆ. ಹಂಚುವಾಗ ಬಾಗಿಲಿಗೆ ಹತ್ತಿರವಿದ್ದ ಮನೆಯಿಂದ ಶುರುಮಾಡಿದ್ದೇ ತಪ್ಪಾಯಿತು. ಮೊದಲ ಮನೆಯವರು ಉದಾರವಾಗಿ ತೆಗೆದುಕೊಂಡರು. ಹನ್ನೆರಡನೆಯ ಮನೆಗೆ ಉಳಿದದ್ದು ಡಬ್ಬಿಯ ಮೂಲೆಗೆ ಅಂಟಿದ ಕಂದು ತುಣುಕು. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, "ಬಜೆಟ್ ಹಂಚಿಕೆ ಹೀಗೇ ಇರುತ್ತದೆ ಬಿಡಿ" ಎಂದರು.

ರಾಜೀನಾಮೆ ಬರೆದು ಫಲಕಕ್ಕೆ ಅಂಟಿಸಿದೆ. ಅನುಕಂಪ ಗಿಟ್ಟಿಸುವ ತಂತ್ರ ಎಂದು ಯಾರೋ ಪೆನ್ಸಿಲಿನಲ್ಲಿ ಷರಾ ಬರೆದರು. ರಾಜಕೀಯ ಸನ್ಯಾಸಕ್ಕೆ ಕಾವಿಯೂ ಬೇಡ, ಕಾಡೂ ಬೇಡ ಎಂದುಕೊಂಡಿದ್ದೆ. ನನಗೆ ಮೆಟ್ಟಿಲಿಳಿಯಲೂ ಬಿಡಲಿಲ್ಲ.

ಕೊನೆಗೊಂದು ಉಪಾಯ ಹೊಳೆಯಿತು: ಹಿಂದಿನ ಸಾಲಿಗೇ ಒಂದು ಕೀಲಿ ಕೊಟ್ಟುಬಿಟ್ಟರೆ? ಅಧಿಕಾರ ವಿಕೇಂದ್ರೀಕರಣ! ಯಾರಿಗೂ ಹೇಳದೆ, ಕೀಲಿಯನ್ನು ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ಖಡೇ ಬಜಾರಿನ ಕಬ್ಬಿಣದ ಅಂಗಡಿಗೆ ಹೋದೆ. ಅಂಗಡಿಯವರು ಕಾಗದ ಬಿಚ್ಚಿ, ಚೌಕದ ಬಾಯಿಯನ್ನು ಹೆಬ್ಬೆರಳಿನಿಂದ ಸವರಿ, ಅಳತೆಪಟ್ಟಿಯನ್ನೂ ಮುಟ್ಟದೆ ಒಳಗಿನ ಹುಡುಗನನ್ನು ಕೂಗಿದರು:

"ಆ ಟಿಳಕವಾಡಿಯ ಕಟ್ಟಡದ್ದೇ ನೋಡಪ್ಪಾ, ಐದನೆಯದು."