ಸ್ವಿಚ್ ಮುಟ್ಟಬ್ಯಾಡ್ರಿ!

ನಿನ್ನೆ ರಾತ್ರಿ ಎರಡೂವರೆಗೆ ನಮ್ಮ ಮನೆಯಲ್ಲಿ ಸಿದ್ಧೇಶ್ವರ ಜಾತ್ರೆ ಆಯಿತು. ನಮ್ಮೂರಲ್ಲಿ ಆ ಜಾತ್ರೆ ನಡೆಯೋದು ಸಂಕ್ರಮಣಕ್ಕೆ. ಅದು ಮುಗಿದು ಎಷ್ಟೋ ತಿಂಗಳಾಯಿತು, ಆದರೂ ಆಯಿತು.

ಹನ್ನೆರಡರ ಸುಮಾರಿಗೆ ಗಾಳಿ ಎದ್ದು ಕರೆಂಟ್ ಹೋಗಿತ್ತು. ವಿಜಯಪುರದ ಬೇಸಿಗೆ ನಿಮಗೆ ಗೊತ್ತೇ ಇದೆ. ಇನ್ವರ್ಟರ್ ಮೇಲೆ ತಿರುಗುವ ಒಂದು ಫ್ಯಾನಿನ ಕೆಳಗೆ ಹೇಗೋ ಕಣ್ಣು ಹತ್ತಿತ್ತು. ಅಷ್ಟರಲ್ಲಿ ಕರೆಂಟ್ ಬಂತು. ಪಡಸಾಲೆ, ಅಡುಗೆಮನೆ, ದೇವರ ಕೋಣೆ, ನಮ್ಮ ತಲೆ ಮೇಲಿನದು, ಒಟ್ಟು ಹನ್ನೊಂದು ಬಲ್ಬು ಒಂದೇ ಸಲಕ್ಕೆ ಭಗ್ ಅಂತ ಹತ್ತಿಕೊಂಡವು. ಮಲಗುವಾಗ ನಾವು ಎಲ್ಲವನ್ನೂ ಆರಿಸಿಯೇ ಮಲಗಿದ್ದೆವು. ಅಂದರೆ, ಫೋನಿನಲ್ಲಿ ಆರಿಸಿದ್ದೆವು. ನಮ್ಮವು ವೈಫೈ ಮೇಲೆ ಫೋನಿನಿಂದ ನಡೆಯೋ ಸ್ಮಾರ್ಟ್ ಬಲ್ಬು.

ನಮ್ಮವರು ದಡಬಡಿಸಿ ಎದ್ದು ಮೊಬೈಲ್ ಹುಡುಕಿದರು. ಆ್ಯಪ್ ತೆರೆದರೆ ಒಂದೊಂದು ಬಲ್ಬಿನ ಮುಂದೂ 'ಆಫ್‌ಲೈನ್'. ಇಲ್ಲಿ ಕಣ್ಣಿಗೆ ಹೊಡೆಯುತ್ತಿದೆ, ಅಲ್ಲಿ ಬಲ್ಬೇ ಇಲ್ಲವಂತೆ! ರೂಟರ್‌ಗೆ ಜೀವ ಬಂದಿತ್ತು, ಇಂಟರ್ನೆಟ್ ಬಂದಿರಲಿಲ್ಲ. ನಾವು ತಂದಿರೋ ಬಲ್ಬಿಗೆ ಏನು ಹೇಳಬೇಕಾದರೂ ಮಾತು ಮೊದಲು ಎಲ್ಲೋ ಇರೋ ಸರ್ವರ್‌ಗೆ ಹೋಗಿ ಅಲ್ಲಿಂದ ವಾಪಸ್ ಬರಬೇಕು. ಮಂಚದಿಂದ ನಾಲ್ಕು ಹೆಜ್ಜೆ ಆಚೆ ಇರೋ ಬಲ್ಬಿಗೆ ಈ ಪ್ರಯಾಣ. "ಎರಡು ನಿಮಿಷ ತಡಿ, ಕನೆಕ್ಟ್ ಆಗ್ತೈತಿ" ಅಂತ ಇವರು ಫೋನ್ ಹಿಡಿದು ಕೂತೇ ಇದ್ದರು.

ಆಗ ಎದ್ದು ಬಂದರು ನಮ್ಮ ಅತ್ತೆ. 74 ವರ್ಷ. ಪಡಸಾಲೆಯ ಸ್ವಿಚ್‌ಬೋರ್ಡಿನ ಮೇಲಿದ್ದ ಟೇಪನ್ನು ಉಗುರಿನಿಂದ ಎಬ್ಬಿಸಿ ಸರ್ರನೆ ಕಿತ್ತರು. ಟಪ್. ಅಡುಗೆಮನೆಗೆ ಹೋದರು. ಸರ್ರ್, ಟಪ್. ಮೂರು ನಿಮಿಷದಲ್ಲಿ ಮನೆಯೆಲ್ಲ ಕತ್ತಲೆ. ಕೊನೆಗೆ ನಮ್ಮ ಕೋಣೆ ಬಾಗಿಲಲ್ಲಿ ನಿಂತು ಮಗನಿಗೆ, "ಇದಕ್ಕ ಎಷ್ಟ್ ರೊಕ್ಕಾ ಕೊಟ್ಟಿ ಅಂದಿ?" ಅಂತ ಕೇಳಿದರು. ಉತ್ತರ ಬರಲಿಲ್ಲ. ನಾನು ಚಾದರ ಬಾಯಿಗೆ ತುರುಕಿಕೊಂಡು ನಕ್ಕೆ.

ಆದರೆ ಬೆಳಿಗ್ಗೆಯಿಂದ ನಗು ಬರ್ತಿಲ್ಲ, ಸಿಟ್ಟು ಬರ್ತಿದೆ. ಅದೂ ಆ ಟೇಪಿನ ಮೇಲೆ.

ಟೇಪಿನ ಕಥೆ ಏನಂದ್ರೆ, ಈ ಬಲ್ಬುಗಳಿಗೆ ಗೋಡೆಯ ಸ್ವಿಚ್ ಯಾವಾಗಲೂ ಆನ್ ಇರಬೇಕು. ಅಲ್ಲಿ ಆಫ್ ಮಾಡಿದರೆ ಬಲ್ಬಿನೊಳಗಿನ ವೈಫೈಗೂ ಕರೆಂಟ್ ಇಲ್ಲ. ಆಮೇಲೆ ಫೋನಿನಲ್ಲಿ ಎಷ್ಟು ಒತ್ತಿದರೂ ಅದು ಹತ್ತಲ್ಲ. ಅದಕ್ಕೇ ನಮ್ಮವರು ಎಲ್ಲಾ ಸ್ವಿಚ್ಚಿಗೂ ಟೇಪ್ ಅಂಟಿಸಿ, ಮಾರ್ಕರ್‌ನಿಂದ 'ಮುಟ್ಟಬಾರದು' ಅಂತ ಬರೆದರು. ಯಾರಿಗೆ? ಕೋಣೆಯಿಂದ ಹೊರಗೆ ಬರುವಾಗ ಲೈಟ್ ಬಂದ್ ಮಾಡು ಅಂತ ಮೂರು ಮಕ್ಕಳಿಗೆ ಕಲಿಸಿದ ಹೆಂಗಸಿಗೆ. ಕತ್ತಲಲ್ಲೂ ಕೈ ಸೀದಾ ಸ್ವಿಚ್ಚಿಗೇ ಹೋಗುವವರಿಗೆ. ಅವರದೇ ಮನೆಯಲ್ಲಿ!

ಬಾಯಿಂದ ಹೇಳಿದರೆ ಸಾಕು, ಅದಕ್ಕಿಂತ ಅನುಕೂಲ ಏನಿದೆ ಅಂತ ಸ್ಪೀಕರ್ ಬೇರೆ ತಂದರು. ನಾವು ತಂದಿರೋದಕ್ಕೆ ಇಂಗ್ಲಿಷ್, ಹಿಂದಿ ಬಿಟ್ಟರೆ ಕನ್ನಡ ಬರಲ್ಲ. ಅತ್ತೆ "ಲೈಟ್ ಹಚ್ಚ" ಅಂದರೆ ಅದು ಯಾವುದೋ ಹಿಂದಿ ಹಾಡು ಹಚ್ಚುತ್ತದೆ. 1656ರಲ್ಲಿ ಕಟ್ಟಿ ಮುಗಿಸಿದ ಗೋಳಗುಮ್ಮಟ ಇಲ್ಲೇ ಇದೆ. ಕನ್ನಡದಲ್ಲಿ ಪಿಸುಗುಟ್ಟಿದರೂ ಕನ್ನಡದಲ್ಲೇ ಏಳು ಸಲ ತಿರುಗಿ ಹೇಳುತ್ತೆ. ಪಾಸ್‌ವರ್ಡ್ ಕೇಳಲ್ಲ.

ಈಗ ನನ್ನ ತಪ್ಪೂ ಹೇಳಿಬಿಡ್ತೀನಿ. ಇದೆಲ್ಲ ಬೇಕು ಅಂತ ಮೊದಲು ಅಂದವಳು ನಾನೇ. ಬೆಳಗಿನ ಶಾಲೆ ಇದ್ದಾಗ ಗೀಸರ್ ತಾನೇ ಆನ್ ಆಗಲಿ ಅಂತ. ಅದು ಇವತ್ತಿಗೂ ಚೆನ್ನಾಗೇ ನಡೀತಿದೆ. (ಹಾಗೆ ತಾನೇ ಆನ್ ಮಾಡೋ ಸ್ಮಾರ್ಟ್ ಪ್ಲಗ್ ತಗೊಂಡರೆ 16 ಆಂಪಿಯರ್‌ನದೇ ತಗೊಳ್ಳಿ. 3 ಕಿಲೋವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತೆ. 10 ಆಂಪಿಯರ್‌ನದು ಅಗ್ಗ ಅಂತ ಹಾಕಿದರೆ ಪ್ಲಗ್ ಕರಗಬಹುದು.) ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಒಂದು ದಿನ ಶಾಲೆಯಿಂದ ಬಂದು, ಲೈಟ್ ಹತ್ತಲಿಲ್ಲ ಅಂತ "ಯಾರ್ರೀ ಸ್ವಿಚ್ ಮುಟ್ಟಿದ್ದು?" ಅಂತ ಒದರಿದವಳೂ ನಾನೇ. ಅತ್ತೆ ಸೊಪ್ಪು ಸೋಸ್ತಾ ಇದ್ದರು. ತಲೆ ಎತ್ತಲಿಲ್ಲ. "ನಾನವ್ವಾ. ರೂಢಿ" ಅಂದರು. ಅವತ್ತಿನಿಂದ ಅವರು ಕತ್ತಲಾದ ಮೇಲೆ ಪಡಸಾಲೆಯಲ್ಲಿ ಸುಮ್ನೆ ಕೂತಿರುತ್ತಿದ್ದರು, ನಾವು ಬಂದು ಲೈಟ್ ಹಚ್ಚೋವರೆಗೂ. ನಾನು ಅದನ್ನ ನೋಡಿಯೂ ನೋಡದ ಹಾಗೆ ಇದ್ದೆ.

ಇನ್ನು ತಿಳಿದವರು ಕಾಮೆಂಟಿಗೆ ಬರ್ತೀರಿ, ಗೊತ್ತು. 'ಮೇಡಂ, ಕರೆಂಟ್ ಬಂದ ಮೇಲೆ ಮೊದಲಿದ್ದ ಹಾಗೇ ಇರಲಿ ಅಂತ ಸೆಟ್ಟಿಂಗ್ ಇರುತ್ತೆ.' ಇದೆ. ಇವತ್ತು ಬೆಳಿಗ್ಗೆ ನಮ್ಮವರು ಕೂತು ಹನ್ನೊಂದು ಬಲ್ಬಿಗೂ ಒಂದೊಂದಾಗಿ ಹಾಕಿದರು. ಜಾತ್ರೆ ನಿಂತಿತು, ಟೇಪ್ ಹೋಯಿತಾ? 'ಸ್ಮಾರ್ಟ್ ಬಲ್ಬ್ ಬಿಡಿ, ಸ್ವಿಚ್ಚಿನ ಹಿಂದೆ ಮಾಡ್ಯೂಲ್ ಹಾಕಿಸಿ, ಕೈಯಿಂದಲೂ ನಡೆಯುತ್ತೆ, ಫೋನಿಂದಲೂ ನಡೆಯುತ್ತೆ.' ಸರಿ. ಆದರೆ ಅಂಥ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವಕ್ಕೆ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗೋ ವೈರ್, ಬೇಕು. ಪ್ಲಗ್ ಇರೋ ಬೋರ್ಡಿಗೆ ನ್ಯೂಟ್ರಲ್ ಬಂದಿರುತ್ತೆ. ನಮ್ಮ ಹಳೇ ಮನೆಯಲ್ಲಿ ಬರೀ ಸ್ವಿಚ್ ಇರೋ ಬೋರ್ಡೇ ಜಾಸ್ತಿ, ಅಲ್ಲಿಗೆ ಯಾರೂ ತಂದಿಲ್ಲ. ಗೋಡೆ ಒಡೀಬೇಕು. ಕಲ್ಲಿನ ಗೋಡೆ ರೀ! ವೈಫೈಗೇ ದಾಟೋದು ಕಷ್ಟ.

ಇಂಡಿ ಕಡೆ ನಮ್ಮ ಸೋದರಮಾವ ನಿಂಬೆ ತೋಟ ಇಟ್ಟಿದ್ದಾರೆ. ಅವರ ಬೋರ್‌ವೆಲ್ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಇದೆ, ಒಳಗೊಂದು ಸಿಮ್. ರಾತ್ರಿ ತ್ರೀಫೇಸ್ ಬಂತು ಅಂದ್ರೆ ಹಾಸಿಗೆಯಿಂದಲೇ ಅದಕ್ಕೊಂದು ಕಾಲ್ ಮಾಡ್ತಾರೆ, ಮೋಟರ್ ಚಾಲೂ. ಹಾವು ಚೇಳು ತುಳಿಯುವ ಭಯ ಇಲ್ಲ. ಅನುಕೂಲ ಅಂದರೆ ಅದು. ಆದರೆ ಅವರ ಸ್ಟಾರ್ಟರ್ ಪೆಟ್ಟಿಗೆ ನೋಡಿದ್ದೀನಿ. ಹಸಿರು ಬಟನ್, ಕೆಂಪು ಬಟನ್ ಇದ್ದಲ್ಲೇ ಇವೆ. ಫೋನ್ ಕೆಟ್ಟರೆ ಮಾವ ನಡೆದು ಹೋಗಿ ಒತ್ತುತ್ತಾರೆ. ಯಾರೂ ಅದರ ಮೇಲೆ ಟೇಪ್ ಅಂಟಿಸಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ನಾನೇ ಕೇಳಿದೆ, "ಅತ್ತಿ, ನಿಮಗ ಏನ್ ಮಾಡಿಕೊಟ್ರ ಸಲೀಸ ಆಗ್ತೈತಿ?" ಇಷ್ಟು ದಿನ ಯಾರೂ ಕೇಳಿರಲಿಲ್ಲ. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. "ನಳಾ ಬಂದಾಗ ಮೋಟರ್ ಹಚ್ಚಾಕ ಹಿತ್ತಲಕ ಓಡಬೇಕವ್ವಾ. ಅಲ್ಲಿ ಪಾಚಿ ಕಟ್ಟೈತಿ, ಕಾಲು ಜಾರ್ತೈತಿ. ಆ ಬಟನ್ ಅಡಗಿಮನ್ಯಾಗ ತಂದು ಹಾಕಿಸಿಕೊಡ್ರಿ."

ವೈರ್‌ಮನ್‌ಗೆ ಫೋನ್ ಮಾಡಿದೆ. ಒಂದಿಷ್ಟು ವೈರು, ಪೈಪು, ಒಂದು ಸ್ವಿಚ್ಚು. ಅರ್ಧ ದಿನದ ಕೆಲಸ ಅಂದ. ಭಾನುವಾರ ಬರ್ತಾನೆ. ಹಳೇ ಬಲ್ಬುಗಳು ಅಟ್ಟದ ಮೇಲೆ ಹಾಗೇ ಇದ್ದವು. ಅತ್ತೆ ಎಸೆದಿರಲಿಲ್ಲ ನೋಡಿ. ಮೂರನ್ನು ಇಳಿಸಿ ಹಾಕಿದ್ದಾಗಿದೆ. ನಮ್ಮವರು ಮುಖ ಊದಿಸಿಕೊಂಡು ಓಡಾಡ್ತಿದ್ದಾರೆ, ಓಡಾಡಲಿ.

ಸ್ವಿಚ್ಚಿನ ಮೇಲೆ ಟೇಪಿನ ಅಂಟು ಮಾತ್ರ ಹಾಗೇ ಉಳಿದಿದೆ, ಕೈಗೆ ಜಿಗಿಜಿಗಿ ಹತ್ತುತ್ತೆ. ಚಿಮಣಿ ಎಣ್ಣೆ ಎಲ್ಲೂ ಸಿಗ್ತಿಲ್ಲ. ಬೇರೆ ಏನಾದ್ರೂ ಉಪಾಯ ಇದ್ರೆ ಹೇಳ್ರಿ.