ಭಾನುವಾರಕ್ಕೂ ಮೀಟರ್ ಹಾಕಿದ್ದಾರೆ

ಇವತ್ತು ಚರ್ಚಿನ ಪೂಜೆಯಲ್ಲಿ ನಡೆದದ್ದನ್ನು ಹೇಳಿಕೊಳ್ಳದಿದ್ದರೆ ನನಗೆ ನಿದ್ದೆ ಬರಲ್ಲ.

ಫಾದರ್ ಪ್ರಬೋಧನೆ ಮಾಡುತ್ತಿದ್ದರು. ಎಲ್ಲರೂ ಕೂತಿದ್ದೆವು, ಅರ್ಧ ಜನ ಕೇಳುತ್ತಾ, ಇನ್ನರ್ಧ ತೂಕಡಿಸುತ್ತಾ. ನನ್ನ ಮುಂದಿನ ಬೆಂಚಿನ ಮಹಾನುಭಾವರ ಸ್ಮಾರ್ಟ್ ವಾಚ್ ಟಣ್ ಅಂತು. ನೋಡಿಕೊಂಡರು. ಎದ್ದು ನಿಂತೇಬಿಟ್ಟರು! ತುಂಬಾ ಹೊತ್ತು ಕೂತಿದ್ದೀರಿ, ಏಳಿ ಅಂತ ಅಪ್ಪಣೆ ಆಗಿತ್ತು. ಪಕ್ಕದಲ್ಲಿ ತೂಕಡಿಸುತ್ತಿದ್ದ ಅಜ್ಜಿ, ಪ್ರಬೋಧನೆ ಮುಗೀತು ಅಂದುಕೊಂಡು ಗಡಬಡಿಸಿ ಎದ್ದರು. ಅಜ್ಜಿಯನ್ನು ನೋಡಿ ನಮ್ಮ ಸಾಲೂ ಎದ್ದಿತು. ನಾನೂ ಎದ್ದೆ. ಫಾದರ್ ಮಾತು ನಿಲ್ಲಿಸಿ ಕನ್ನಡಕದ ಮೇಲಿಂದ ನಮ್ಮನ್ನೇ ನೋಡಿದರು. ಮಹಾನುಭಾವರು ಮಾತ್ರ ಅಲ್ಲಾಡಲಿಲ್ಲ. ಒಂದು ನಿಮಿಷ ನಿಂತು, ವಾಚ್ ಶಹಬ್ಬಾಸ್ ಅಂದ ಮೇಲೆ ಕೂತರು.

ಮೊದಲು ನಗು ಬಂತು. ಆಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ವಾರವಿಡೀ ಟಾರ್ಗೆಟ್ಟು, ಡೆಡ್‌ಲೈನು, ಹಾಜರಿ. ಭಾನುವಾರ ಒಂದನ್ನಾದರೂ ಲೆಕ್ಕಕ್ಕೆ ಹಿಡಿಯದೆ ಬಿಡಬಾರದಾ?

ಪೂಜೆ ಮುಗಿಸಿ ಕಬ್ಬನ್ ಪಾರ್ಕಿಗೆ ಹೋದೆ. ಭಾನುವಾರ ಒಳಗೆ ಗಾಡಿ ಬಿಡಲ್ಲ, ಹಾಗಾಗಿ ನನಗೆ ಅವತ್ತೇ ಇಷ್ಟ. ಬಿದಿರು ಮೆಳೆ, ಮಕ್ಕಳ ಸೈಕಲ್ಲು, ನಾಯಿಗಳ ಜಗಳ, ಎಲ್ಲಾ ಇತ್ತು. ಆದರೆ ಗೇಟಿನ ಹತ್ತಿರ ಒಬ್ಬ ಮೇಡಂ ತಮ್ಮ ಕಾರಿನ ಸುತ್ತಲೇ ಪ್ರದಕ್ಷಿಣೆ ಹಾಕುತ್ತಿದ್ದರು. ದಿನದ ಹತ್ತು ಸಾವಿರಕ್ಕೆ ಇನ್ನೂ ನಾನೂರು ಹೆಜ್ಜೆ ಬಾಕಿಯಂತೆ. 1870ರಲ್ಲಿ ಬ್ರಿಟಿಷ್ ಎಂಜಿನಿಯರ್ ಸ್ಯಾಂಕಿ ಸಾಹೇಬರು ಅಷ್ಟು ದೊಡ್ಡ ಪಾರ್ಕು ಮಾಡಿಟ್ಟು ಹೋದರು, ಇವರು ಹೊರಗೆ ಸುತ್ತು ಹಾಕಿದ್ದು ಕಾರಿಗೆ!

ಈ ಹತ್ತು ಸಾವಿರ ಹೆಜ್ಜೆ ಯಾವ ಡಾಕ್ಟರೂ ಕೂತು ಲೆಕ್ಕ ಹಾಕಿ ಕೊಟ್ಟದ್ದಲ್ಲ, ಗೊತ್ತಾ? ಟೋಕಿಯೊ ಒಲಿಂಪಿಕ್ಸ್ ಆದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರ ಮಾರಿತು. ಅದರ ಹೆಸರಿನಲ್ಲೇ ಹತ್ತು ಸಾವಿರ ಅಂತ ಇತ್ತು. ಅಷ್ಟೇ. 2019ರಲ್ಲಿ ಅಮೆರಿಕದಲ್ಲಿ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ನಡೆದವರಿಗೇ ಲಾಭ ಕಂಡಿತ್ತು. 7,500ರ ಆಚೆಗೆ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ಅಂದರೆ ನಾವು ಪಾರ್ಕಿನಲ್ಲಿ ಬೆವರು ಸುರಿಸುತ್ತಿರೋದು ಒಂದು ಹಳೇ ಜಾಹೀರಾತಿಗೆ.

ಶುಗರ್ ಇರುವವರಿಗೆ ಲೆಕ್ಕ ಬೇಕು ಅಂತ ಈಗಲೇ ಕೆಲವರು ಟೈಪ್ ಮಾಡ್ತಿರ್ತೀರಿ. ಸರಿ, ಡಾಕ್ಟರ್ ಹೇಳಿದ್ದರೆ ಎಣಿಸಿ, ಬೇಡ ಅಂದವರ್ಯಾರು. ಇನ್ನು ನಮ್ಮ ಚರ್ಚಿನವರು ಒಬ್ಬರು ಇನ್ನೂ ಜಾಣತನದ ಪ್ರಶ್ನೆ ಕೇಳಿದರು: ‘ಜಪಸರದಲ್ಲೂ ಮಣಿ ಎಣಿಸ್ತೀರಲ್ಲ, ಅದು ಲೆಕ್ಕ ಅಲ್ವಾ?’ ಅಲ್ಲ ಸ್ವಾಮಿ. ಮಣಿ ಇರೋದೇ ನಾವು ಎಣಿಸಬಾರದು ಅಂತ. ಲೆಕ್ಕ ಬೆರಳಿಗೆ ಬಿಟ್ಟು ಮನಸ್ಸು ಪ್ರಾರ್ಥನೆಯ ಕಡೆ ಹೋಗಲಿ ಅಂತ. ಐವತ್ತಮೂರು ನಮೋ ಮರಿಯಾ ಆಯಿತು ಅಂತ ಯಾವ ಜಪಸರವೂ ಪಟಾಕಿ ಹಾರಿಸಿ ತೋರಿಸಲ್ಲ.

ನಿಜ ಹೇಳಬೇಕೆಂದರೆ, ಅಪ್ಪ ಹೋದ ಮೇಲೆ ನಾನು ಚರ್ಚಿನಲ್ಲಿ ಪ್ರಾರ್ಥನೆ ಮಾಡೋದು ಕಮ್ಮಿ. ಸುಮ್ನೆ ಕೂತಿರ್ತೀನಿ. ಅಪ್ಪ ಕೂರುತ್ತಿದ್ದ ಕಡೆಯೇ, ಬಲಗಡೆಯ ಫ್ಯಾನಿನ ಕೆಳಗೆ. ಮನೆಯಲ್ಲಿ ಹಾಗೆ ಕೂತರೆ ಹತ್ತು ಕೆಲಸ ಕರೆಯುತ್ತವೆ. ಆ ಹೊತ್ತಿನಲ್ಲೂ ಏಳಿ, ಕೂರಿ ಅಂತ ಯಾರದೋ ಮಣಿಕಟ್ಟು ಹೇಳಿದರೆ ನನಗೆ ಉರಿಯದೆ ಇನ್ನೇನಾಗುತ್ತೆ?

ಪಾರ್ಕಿನಿಂದ ರಸೆಲ್ ಮಾರ್ಕೆಟ್. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಮೀನು ಬರುತ್ತೆ ಅಂತ ಮಗ ದಿನಾ ಪಾಠ ಮಾಡ್ತಾನೆ. ಬರುತ್ತಪ್ಪ. ಕಿವಿರು ಎತ್ತಿ ಕೆಂಪಗಿದೆಯಾ ಅಂತ ನೋಡೋಕೆ ಬಿಡ್ತಾರಾ? ಇವತ್ತು ಬಂಗುಡೆ ಮಾರುವವರು ತೂಗಿ ಆದ ಮೇಲೆ, ‘ತಗೊಳ್ಳಮ್ಮ’ ಅಂತ ಸಣ್ಣದೊಂದನ್ನು ಮೇಲೆ ಎಸೆದರು. ಸೊಪ್ಪಿನವರು ಒಂದು ಎಸಳು ಕರಿಬೇವು ತುರುಕಿದರು. ಆ್ಯಪಿನಲ್ಲಿ ಕೂಪನ್ ಸಿಗಬಹುದು, ಕೊಸರು ಎಲ್ಲಿ ಸಿಗುತ್ತೆ?

ಸಂಜೆ ಗೆಳತಿಯ ಜೊತೆ ಇಂದಿರಾನಗರಕ್ಕೆ. (ಬೆಳಿಗ್ಗೆ ಚರ್ಚು, ಸಂಜೆ ಬಿಯರಾ ಅಂತ ಕೇಳುವವರು ಈ ಪೋಸ್ಟ್ ಬಿಟ್ಟು ಮುಂದೆ ಹೋಗಬಹುದು. ಮೆಟ್ರೋದಲ್ಲೇ ಹೋಗಿದ್ದು, ಅದಕ್ಕೂ ಪಾಠ ಬೇಡ.) ಬಿಯರನ್ನು ಅಲ್ಲೇ ಕುದಿಸಿ, ಹುಳಿಬರಿಸಿ ಕೊಡುವ ಜಾಗ. ಗೋಡೆಯ ಮೇಲೆ ಕಪ್ಪು ಹಲಗೆ, ತುಂಬಾ ಅಂಕಿ. ಆಲ್ಕೋಹಾಲ್ ಎಷ್ಟು ಪರ್ಸೆಂಟ್ ಅನ್ನೋದು ಸರಿ, ಅದು ತಿಳಿದಿರಬೇಕು. ಪಕ್ಕದಲ್ಲಿ ಐಬಿಯು ಅಂತ ಇನ್ನೊಂದು. ಹಾಪ್ಸ್ ಹೂವಿನ ಕಹಿ ಎಷ್ಟಿದೆ ಅನ್ನುವ ಅಳತೆ, ಸುಮಾರಾಗಿ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ. ‘ಮೇಡಂ, ಐಪಿಎ ತಗೊಳ್ಳಿ, ಐಬಿಯು ಅರವತ್ತು’ ಅಂದ ಹುಡುಗ, ಮಗನ ಪಿಯುಸಿ ಮಾರ್ಕ್ಸ್ ಹೇಳೋ ಹಾಗೆ. (ಐಪಿಎ ಅಂದರೆ ಹಾಪ್ಸ್ ಜಾಸ್ತಿ ಹಾಕಿದ ಕಹಿ ಬಿಯರ್.) ನಮ್ಮಮ್ಮ ಹಾಗಲಕಾಯಿ ಗೊಜ್ಜು ಬಡಿಸುವಾಗ ಕಹಿ ಎಷ್ಟು ಅಂತ ಯಾವತ್ತೂ ಬೋರ್ಡ್ ಹಾಕಿರಲಿಲ್ಲ.

ನಾನು ಗೋಧಿ ಬಿಯರ್ ತಗೊಂಡೆ. ಮಬ್ಬು ಬಣ್ಣ, ಮೇಲೆ ದಪ್ಪ ನೊರೆ, ಮೂಗಿನ ಹತ್ತಿರ ತಂದರೆ ಬಾಳೆಹಣ್ಣು, ಹಿಂದೆಯೇ ಲವಂಗ. ಎರಡನ್ನೂ ಹಾಕಿರಲ್ಲ, ಯೀಸ್ಟೇ ಆ ವಾಸನೆ ಕೊಡೋದು. ಮಾಮೂಲಿ ಬಾಟಲಿ ಬಿಯರಿಗೆ ಈ ಭಾಗ್ಯ ಇಲ್ಲ. ಸಿಟ್ಟಿನಲ್ಲಿದ್ದರೂ ಹೇಳ್ತೀನಿ, ಸೊಗಸಾಗಿತ್ತು.

ಗೆಳತಿ ಗುಟುಕು ಕುಡಿಯುವ ಮೊದಲೇ ಗ್ಲಾಸಿನ ಫೋಟೋ ತೆಗೆದಳು. ಕುಡಿದು, ಫೋನಿನಲ್ಲಿ ಏನೋ ಒತ್ತಿ, ಮೂರು ಮುಕ್ಕಾಲು ಸ್ಟಾರ್ ಕೊಟ್ಟೆ ಅಂದಳು.

‘ಆ ಕಾಲು ಸ್ಟಾರ್ ಯಾಕೆ ಕಟ್ ಮಾಡಿದೆ?’ ಅಂದೆ.

‘ನಾಲ್ಕು ಕೊಟ್ರೆ ಜಾಸ್ತಿ ಆಯ್ತು ಕಣೇ.’

ನಾನು ಹುಡುಗನನ್ನು ಕರೆದು ಇನ್ನೊಂದು ಗ್ಲಾಸ್ ಹೇಳಿದೆ.